ಮಾವನ ಕಿವಿ, ಸೊಸೆಯ ಗಂಟಲು

ಎದುರು ಮನೆಯಾಕೆ ಬಾಗಿಲಲ್ಲಿ ನಿಂತು, "ಈ ವಾರ ಯಾವುದು ನೋಡ್ಲಿ ಹೇಳೇ ಜಪಾನಮ್ಮ" ಎಂದು ಕೇಳಿದರೆ ಈ ಮನೆಯ ಸೊಸೆಯ ಶಿಫಾರಸು ಹೀಗಿರುತ್ತಿತ್ತು:

"ಆ ದೀಪಸ್ತಂಭದ ಕತೆ ನೋಡಿ ಅಕ್ಕಾ, ಚೆನ್ನಾಗಿದೆ. ನಾಲ್ಕನೇ ಕಂತಲ್ಲಿ ನಾನು ಸಾಯ್ತೀನಿ. ಆಸ್ಪತ್ರೆದು ನೋಡ್ಬೇಡಿ, ಎಳೆದಿದ್ದಾರೆ. ಅಡುಗೆಯವನ ಸಿನಿಮಾ ಒಂದಿದೆ, ಅದರ ಕೊನೇಲಿ ಬಸ್ಸಲ್ಲಿ ಒಬ್ಳು ಅಳ್ತಾಳಲ್ಲ, ಆ ಅಳು ನಂದೇ."

"ಸಾಯೋದು, ಅಳೋದು ಬಿಟ್ಟು ಬೇರೆ ಕೆಲಸಾನೇ ಕೊಡಲ್ವೇನೇ ನಿಂಗೆ?"

"ಕೊಡ್ತಾರೆ. ಹೂಂಗುಡೋದು."

ಅದು ತಮಾಷೆಯಲ್ಲ. ಅವಳು ಕಂಠದಾನ ಕಲಾವಿದೆ. ಮನೆಯ ಟಿವಿಯಲ್ಲಿ, ಫೋನಿನಲ್ಲಿ ಜನ ನೋಡುವ ಜಪಾನಿ ಧಾರಾವಾಹಿಗಳಿಗೆ, ಸಿನಿಮಾಗಳಿಗೆ ಕನ್ನಡದ ದನಿ ಕೊಡುವ ಕೆಲಸ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸ್ಟುಡಿಯೊ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು ಅಂಟಿಸಿದ ಒಂದು ಸಣ್ಣ ಕೋಣೆ, ಒಂದು ಮೈಕು, ಗಾಜಿನ ಆಚೆ ಡಬ್ಬಿಂಗ್ ನಿರ್ದೇಶಕಿ. ಮೈಕಿಗೆ ಫ್ಯಾನಿನ ಸದ್ದೂ ಕೇಳುತ್ತದಾದ್ದರಿಂದ ಅಲ್ಲಿ ಫ್ಯಾನಿಲ್ಲ. ಬಳೆ, ಗಡಿಯಾರ ಚೀಲಕ್ಕೆ ಹಾಕಬೇಕು. ಸರಬರ ಎನ್ನದ ಹಳೇ ಹತ್ತಿ ಬಟ್ಟೆಯನ್ನೇ ಉಡಬೇಕು. ಹೊಟ್ಟೆ ಗುರುಗುಟ್ಟಿದರೂ ಮತ್ತೆ ಮೊದಲಿಂದ.

ಜಪಾನಿನವರ ಮಾತುಕತೆಯಲ್ಲಿ ಒಬ್ಬರು ಮಾತಾಡುತ್ತಿರುವಾಗ ಕೇಳುವವರು ಬಾಯಿಗೆ ಬೀಗ ಹಾಕಿಕೊಂಡು ಕೂರುವುದಿಲ್ಲ. ಹೂಂ ಎನ್ನುತ್ತಾರೆ, ಓಹೋ ಎನ್ನುತ್ತಾರೆ, ಉಸಿರನ್ನು ಒಳಕ್ಕೆಳೆದುಕೊಂಡೇ ಒಪ್ಪಿಗೆ ಕೊಡುತ್ತಾರೆ. ಅದಕ್ಕೆಲ್ಲ ಒಬ್ಬರು ದನಿ ತುಂಬಬೇಕು. ಅವಳನ್ನು ಮೊದಲು ಕರೆದದ್ದೇ ಅದಕ್ಕೆ. ಒಪ್ಪಿದ ಹೂಂ, ಒಪ್ಪದ ಹೂಂ, ಕೇಳಿಸಿಕೊಳ್ಳದೆ ಹೇಳಿದ ಹೂಂ, ಎಲ್ಲವೂ ಒಂದೇ ಟೇಕಿನಲ್ಲಿ ಬಂದದ್ದು ಕಂಡು ನಿರ್ದೇಶಕಿ, "ಇಷ್ಟು ಥರದ ಹೂಂ ಎಲ್ಲಿ ಕಲಿತ್ರಿ ನೀವು?" ಎಂದು ಬೆರಗಾಗಿದ್ದಳು.

"ಮನೇಲಿ ಮೇಡಂ. ಮದುವೆ ಆದಾಗಿಂದ."

ಮನೆಯಲ್ಲಿ ಅವಳ ಗಂಡನೂ ಜಪಾನಿ ಸಿನಿಮಾಗಳ ಪ್ರೇಮಿ. ಆದರೆ ಡಬ್ಬಿಂಗ್ ಹಾಕಿಕೊಂಡು ನೋಡುವವನಲ್ಲ. "ಮೂಲ ಭಾಷೇಲೇ ನೋಡ್ಬೇಕು ಕಣೇ, ಇಲ್ಲಾಂದ್ರೆ ಮಜಾನೇ ಹೋಗುತ್ತೆ" ಎನ್ನುತ್ತ, ಸೋಫಾದ ಮೇಲೆ ಕಾಲು ಚಾಚಿ, ಪರದೆಯ ಅಡಿಯಲ್ಲಿ ಬರುವ ಅಕ್ಷರಗಳನ್ನು ಓದುತ್ತಿದ್ದ. ಹಾಗೆ ಓದಬೇಕಾದರೆ ಕಣ್ಣು ಪರದೆಯ ಮೇಲಿರಬೇಕು, ಕೈ ಖಾಲಿ ಇರಬೇಕು. ಎದುರು ಮನೆಯಾಕೆಯಂಥವರು ಧಾರಾವಾಹಿ ನೋಡುವುದು ಈರುಳ್ಳಿ ಹೆಚ್ಚುತ್ತ, ಬಟ್ಟೆ ಮಡಿಸುತ್ತ, ಬೆನ್ನು ಟಿವಿ ಕಡೆಗೇ ಮಾಡಿಕೊಂಡು. ಅವರಿಗೆ ಕತೆ ಕಿವಿಯಿಂದಲೇ ಒಳಗೆ ಹೋಗಬೇಕು. ಅವಳು ದನಿ ಕೊಡುತ್ತಿದ್ದುದು ಅಂಥವರಿಗೆ. ಹಾಗಾಗಿ ಒಂದೇ ಮನೆಯಲ್ಲಿದ್ದೂ ಗಂಡ ಅವಳ ದನಿಯನ್ನು ಟಿವಿಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಮನೆಯೊಳಗೆ ಮಾತ್ರ ದಿನವಿಡೀ ಕೇಳುತ್ತಿದ್ದ.

ಯಾಕೆಂದರೆ ಮಾವನಿಗೆ ಕಿವಿ ಮಂದ. ಕಿವಿಯ ಯಂತ್ರ ತಂದುಕೊಟ್ಟು ವರ್ಷಗಳಾಗಿದ್ದರೂ ಅದು ಡಬ್ಬಿ ಸಮೇತ ಮೇಜಿನ ಖಾನೆಯಲ್ಲಿ ಮಲಗಿತ್ತು. "ಅದು ಹಾಕ್ಕೊಂಡ್ರೆ ಕಿವೀಲಿ ಜೀರುಂಡೆ ಕೂತ ಹಾಗಾಗುತ್ತೆ. ನಾನೇನು ಕಿವುಡನಾ? ನೀವೆಲ್ಲ ಬಾಯೊಳಗೇ ಮಾತಾಡ್ತೀರಿ" ಎನ್ನುವುದು ಅವರ ವಾದ. ಹಾಗಾಗಿ ಬೆಳಗಿನ ಬಿಸಿನೀರಿನಿಂದ ಹಿಡಿದು ರಾತ್ರಿಯ ಮಾತ್ರೆಯವರೆಗೆ ಎಲ್ಲವನ್ನೂ ಕೂಗಿ ಹೇಳಬೇಕು. ಕೂಗುವವಳು ಅವಳೊಬ್ಬಳೇ. ಗಂಡ ಅಪ್ಪನ ಪಕ್ಕದಲ್ಲೇ ಕೂತಿದ್ದರೂ ಅಡುಗೆಮನೆಯ ಕಡೆ ತಿರುಗಿ, "ಕರೆಂಟ್ ಬಿಲ್ ಕಟ್ಟಾಯ್ತು ಅಂತ ಅಪ್ಪಂಗೆ ಹೇಳೇ" ಎನ್ನುತ್ತಿದ್ದ. ಅವಳು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಬಂದು, "ಮಾವಾ, ಬಿಲ್ ಕಟ್ಟಾಯ್ತಂತೇ!" ಎಂದು ಕೂಗುತ್ತಿದ್ದಳು.

"ನೀವೇ ಹೇಳಬಾರದಾ ರೀ? ಪಕ್ಕದಲ್ಲೇ ಇದ್ದೀರಿ."

"ನಂಗೆ ಕೂಗೋಕೆ ಬರಲ್ಲ ಕಣೇ. ನಿಂಗೆ ಅದೇ ಕೆಲಸ ಅಲ್ವಾ?"

ಸ್ಟುಡಿಯೊದ ಕೆಲಸದಲ್ಲಿ ಕೂಗುವುದು ತೀರ ಕಡಿಮೆ, ಪಿಸುಗುಡುವುದೇ ಹೆಚ್ಚು ಎಂದು ಹೇಳಿದ್ದಳು. ಅವನು ಹೂಂ ಎಂದಿದ್ದ. ಅದು ಯಾವ ಥರದ ಹೂಂ ಎಂದು ಅವಳಿಗೆ ಗೊತ್ತಿತ್ತು.

ಹೀಗಿರುವಾಗ ದೊಡ್ಡ ಪಾತ್ರ ಬಂತು. ಸಣ್ಣ ಊರೊಂದರಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ನಡೆಸುವ ವಿಧವೆಯ ಕತೆ, ಹತ್ತು ಕಂತು. ಆ ವಿಧವೆ ಯಾರೊಂದಿಗೂ ದನಿ ಎತ್ತುವವಳಲ್ಲ. ಸಿಟ್ಟು ಬಂದಷ್ಟೂ ಅವಳ ಮಾತು ತಗ್ಗುತ್ತದೆ. ಪರೀಕ್ಷೆಗೆಂದು ಒಂದು ದೃಶ್ಯಕ್ಕೆ ದನಿ ಕೊಟ್ಟಾಗ ಗಾಜಿನ ಆಚೆ ನಿರ್ದೇಶಕಿ ಹೆಡ್‌ಫೋನ್ ತೆಗೆದಿಟ್ಟಳು. ಆಮೇಲೆ, "ಇದು ನಿಮ್ದೇ. ಆದ್ರೆ ನಡುವೆ ಒಡೀತಿದೆ ಗಂಟಲು. ಡಾಕ್ಟರಿಗೆ ತೋರಿಸಿ. ಮುಂದಿನ ವಾರ ಶುರು ಮಾಡಲೇಬೇಕು, ಕಾಯೋಕಾಗಲ್ಲ" ಎಂದಳು.

ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ಸೌದೆ ಒಡೆಯುವವರ ಅಂಗೈಯಲ್ಲಿ ಏಳುವ ಹಾಗೆ ಗಂಟು ಎದ್ದಿದೆ ಎಂದರು. "ಒಂದು ವಾರ ಬಾಯಿ ಬಿಡಬೇಡಿ. ಪಿಸುಮಾತೂ ಬೇಡ. ಇಳಿಯಬಹುದು. ಇಲ್ಲಾಂದ್ರೆ ಹೀಗೇ ಗಟ್ಟಿಯಾಗುತ್ತೆ."

ಮೊದಲ ದಿನ ಮನೆಯವರಿಗೆ ಅದೊಂದು ವಿನೋದ. "ಆಹಾ, ಎಂಥಾ ಶಾಂತಿ! ಇಂಥ ಡಾಕ್ಟರಿಗೆ ಸನ್ಮಾನ ಮಾಡ್ಬೇಕು" ಎಂದ ಗಂಡ. ಅವಳು ಮಾವನ ಕೋಣೆಯ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದಳು: ಸ್ನಾನ, ಕಾಫಿ, ಊಟ. ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. ತಟ್ಟೆಗೆ ಸೌಟಿನಿಂದ ಬಡಿದಳು. "ನಾಯಿ ಕರೀತಾ ಇದ್ದೀಯಾ?" ಎಂದು ಸಿಡುಕಿದರು. ಅವಳು ಗಂಟಲು ಮುಟ್ಟಿ, ಅಂಗೈ ಆಡಿಸಿ, ಡಾಕ್ಟರ ಚೀಟಿಯನ್ನೇ ಮುಂದೆ ಹಿಡಿದಳು. ಅವರು ಅದನ್ನು ಔಷಧಿ ಅಂಗಡಿಯ ರಸೀದಿ ಎಂದುಕೊಂಡು ಪಕ್ಕಕ್ಕಿಟ್ಟರು.

"ಅಪ್ಪಂಗೆ ನೀವು ಹೇಳಿ" ಎಂದು ಗಂಡನ ಫೋನಿಗೆ ಸಂದೇಶ ಕಳಿಸಿದಳು. ಅವನು ಹೋಗಿ, ಸಿನಿಮಾ ಮಂದಿರದಲ್ಲಿ ಪಕ್ಕದವರಿಗೆ ಹೇಳುವಷ್ಟೇ ದನಿಯಲ್ಲಿ, "ಅವಳಿಗೆ ಗಂಟಲು ಸರಿ ಇಲ್ಲಪ್ಪ" ಎಂದ. "ಏನು?" ಎಂದರು ಮಾವ. "ಗಂಟಲು, ಗಂಟಲು" ಎಂದ. "ಯಾರ ನೆಂಟರು?" ಎಂದರು. ಇವನು ನಕ್ಕು ವಾಪಸು ಬಂದ. "ಬಿಡೇ, ಒಂದು ವಾರ ತಾನೇ, ತಾನಾಗೇ ಗೊತ್ತಾಗುತ್ತೆ."

ಗೊತ್ತಾದದ್ದು ಬೇರೆಯೇ. ಸೊಸೆ ತಮ್ಮ ಹತ್ತಿರ ಮಾತು ಬಿಟ್ಟಿದ್ದಾಳೆ ಎಂದು ಮಾವ ತೀರ್ಮಾನಿಸಿದರು. ಊರಾಚೆಯಿರುವ ಮಗಳಿಗೆ ಫೋನು ಮಾಡಿ, ಅವಳ ಮಾತು ತಮಗೆ ಕೇಳಿಸದಿದ್ದರೂ ತಮ್ಮ ಮಾತು ಮುಗಿಯುವವರೆಗೆ ಹೇಳಿಕೊಂಡರು. ಅರ್ಧ ಗಂಟೆಯಲ್ಲಿ ನಾದಿನಿಯ ಕರೆ ಬಂತು.

"ಅತ್ತಿಗೆ, ಇದೇನಿದು? ವಯಸ್ಸಾದವರ ಹತ್ರ ಮಾತು ಬಿಡೋದಾ? ಏನಾಯ್ತು ಹೇಳಿ. ಹಲೋ? ನೋಡಿ, ನನ್ನ ಹತ್ರಾನೂ ಮಾತಾಡಲ್ಲ! ಅಪ್ಪ ಹೇಳಿದ್ದು ಸರಿಯಾಗೇ ಇದೆ."

ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಳು. ಒಂದು ಹೂಂ ಕೂಡ ಅವಳ ಬಳಿ ಖರ್ಚಿಗಿರಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಮಾವ ಊಟಕ್ಕೆ ಏಳಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಯಾಗಿತ್ತು. ನುಂಗಿದ ಮೇಲೆ ಉಣ್ಣದೆ ಇದ್ದರೆ ಮೈಯ ಸಕ್ಕರೆ ತೀರ ಇಳಿದುಬಿಡುತ್ತದೆ. "ಬಾಯಿಬಿಟ್ಟು ಕರೆಯದ ಮನೇಲಿ ನಾನು ಉಣ್ಣಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ತಟ್ಟೆಯನ್ನೇ ಹಾಸಿಗೆಗೆ ಒಯ್ದಳು, ದೂಡಿದರು. ಕೈ ಮುಗಿದಳು; ಕಣ್ಣು ಮುಚ್ಚಿಕೊಂಡರು. ಖಾನೆಯಿಂದ ಯಂತ್ರದ ಡಬ್ಬಿ ತೆಗೆದು ಅಂಗೈಯಲ್ಲಿಟ್ಟಳು. ದಿಂಬಿನ ಆಚೆ ಎಸೆದರು. ಗಂಡನಿಗೆ ಸಂದೇಶ ಹಾಕಿದರೆ ಆಫೀಸಿನಿಂದ ಉತ್ತರ ಬಂತು: "ಒಂದೇ ಒಂದು ಸಲ ಕರೆದುಬಿಡು. ಒಂದು ಸಲಕ್ಕೆ ಏನಾಗುತ್ತೆ?"

ಮಾವನ ಹಣೆಯಲ್ಲಿ ಬೆವರು ಮೂಡಿತು. ಬೆರಳು ನಡುಗತೊಡಗಿದವು. ಅವಳು ಬಾಯಲ್ಲಿ ಸಕ್ಕರೆ ಹಾಕಲು ಹೋದಳು, ಹಲ್ಲು ಕಚ್ಚಿಕೊಂಡಿದ್ದರು. ಆಗ ಅವಳು ಹಾಸಿಗೆಯ ಪಕ್ಕ ಮಂಡಿಯೂರಿ, ಆರು ದಿನ ಕಾಪಾಡಿಕೊಂಡಿದ್ದನ್ನೆಲ್ಲ ಒಟ್ಟಿಗೆ ಹೊರಗೆ ಹಾಕಿ ಕೂಗಿದಳು.

"ಮಾವಾ! ಊಟಕ್ಕೆ ಏಳಿ!"

ಕೇಳಿಸಲಿಲ್ಲವೋ, ಇನ್ನೊಮ್ಮೆ ಕೇಳಬೇಕೆನಿಸಿತೋ, ಅವರು ಅಲುಗಲಿಲ್ಲ. ಅವಳು ಮತ್ತೆ ಕೂಗಿದಳು. ಮೂರನೆಯ ಕೂಗಿಗೆ ದನಿ ಹಳೇ ಬಟ್ಟೆಯ ಹಾಗೆ ಉದ್ದಕ್ಕೆ ಹರಿಯಿತು.

ಮಾವ ಎದ್ದು ಕೂತರು. ಸಕ್ಕರೆ ಬಾಯಿಗೆ ಹಾಕಿಸಿಕೊಂಡರು, ಆಮೇಲೆ ಅನ್ನ ಕಲಸಿಕೊಂಡರು. "ಹೀಗೆ ಬಾಯಿಬಿಟ್ಟು ಹೇಳಿದ್ರೆ ಆಗ್ತಿತ್ತಲ್ಲ" ಎಂದು ಸಮಾಧಾನದಿಂದ ಉಂಡರು.

ಮರುದಿನ ಸ್ಟುಡಿಯೊದಲ್ಲಿ ಅವಳು ಬಳೆ ತೆಗೆದು ಮೈಕಿನ ಮುಂದೆ ನಿಂತಳು. ಪರದೆಯಲ್ಲಿ ವಿಧವೆ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, ಗಿರಾಕಿಯ ಕಡೆ ನೋಡದೆ, "ನಾಳೆ ಬನ್ನಿ, ಸಿದ್ಧವಾಗಿರುತ್ತೆ" ಎನ್ನುವ ದೃಶ್ಯ. ಇವಳ ಗಂಟಲಿನಿಂದ ಬಂದದ್ದು ಗಾಳಿ; ನಡುವೆ ಎರಡು ಅಕ್ಷರ. ಬಿಸಿನೀರು ಕುಡಿಸಿದರು. ಕಾದರು. ಮತ್ತೆ ಗಾಳಿ. ಹೊರಗೆ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿದ್ದ ಹೊಸ ಹುಡುಗಿಯನ್ನು ನಿರ್ದೇಶಕಿ ಒಳಗೆ ಕರೆದಳು. ಆ ಹುಡುಗಿ ಇವಳ ಕಡೆ ನೋಡಲಾರದೆ ಹೆಡ್‌ಫೋನಿನ ಪಟ್ಟಿ ಸರಿಮಾಡಿಕೊಂಡಳು.

"ಬೇಜಾರು ಮಾಡ್ಕೋಬೇಡಿ. ಇನ್ನೊಂದು ಸಲ ನೋಡೋಣ" ಎಂದಳು ನಿರ್ದೇಶಕಿ. ಚೀಲ ಎತ್ತಿಕೊಂಡವಳನ್ನು ಬಾಗಿಲಲ್ಲೇ ತಡೆದಳು. "ಹಾಂ, ಮೊದಲನೇ ಕಂತಲ್ಲೇ ಮೀನು ಮಾರೋ ಮುದುಕಿ ಇದ್ದಾಳೆ. ಬೀದೀಲಿ ಕೂಗ್ಕೊಂಡು ಹೋಗ್ತಾಳೆ. ಅದಕ್ಕೆ ಈ ಗಂಟಲು ಸರಿಹೋಗುತ್ತೆ. ಮಾಡ್ತೀರಾ?"

ಅವಳು ಮಾಡಿದಳು.

ಧಾರಾವಾಹಿ ಬಂತು. ಭಾನುವಾರದ ಪೇಪರಿನಲ್ಲಿ ಮನೆಯಲ್ಲೇ ಕೂತು ನೋಡಬಹುದಾದ ಜಪಾನಿ ಕತೆಗಳ ಪಟ್ಟಿ ಇತ್ತು. ಇಸ್ತ್ರಿ ಅಂಗಡಿಯ ವಿಧವೆಗೆ ಅದರಲ್ಲಿ ಮೊದಲ ಸ್ಥಾನ. "ಮನೆಗೆಲಸದ ಮೌನವನ್ನು ಇಷ್ಟು ಹೃದಯ ತಟ್ಟುವಂತೆ ತೋರಿಸಿದ್ದು ಅಪರೂಪ, ಕನ್ನಡದ ದನಿಯಂತೂ ಮೂಲಕ್ಕಿಂತ ಸೊಗಸು" ಎಂದು ಬರೆದಿದ್ದರು. ಗಂಡ ಅದನ್ನು ಗಟ್ಟಿಯಾಗಿ ಓದಿ, "ಹಾಗಾದ್ರೆ ಕನ್ನಡದಲ್ಲೇ ಹಾಕೋಣ" ಎಂದ. ಮಾವನಿಗೂ ವಾಕಿಂಗ್ ಗೆಳೆಯರು ಇದರದೇ ಸುದ್ದಿ ಹೇಳಿದ್ದರಂತೆ. ಅವರು ತಾವಾಗಿಯೇ, "ಆ ಡಬ್ಬಿ ಎಲ್ಲಿಟ್ಟೆ?" ಎಂದು ಕೇಳಿ, ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡು ಸೋಫಾದ ಮೇಲೆ ನೆಟ್ಟಗೆ ಕೂತರು. ಒಮ್ಮೆಯೂ ಜೀರುಂಡೆಯ ಮಾತೆತ್ತಲಿಲ್ಲ.

ಅವಳು ಬಟ್ಟೆ ಮಡಿಸುತ್ತಿದ್ದಳು. ಹೊಸ ಹುಡುಗಿ ಚೆನ್ನಾಗಿ ಮಾಡಿದ್ದಳು. ಅದು ಇನ್ನೂ ಕಷ್ಟ.

"ಎಷ್ಟು ಮೆತ್ತಗೆ ಮಾತಾಡ್ತಾಳೆ ನೋಡು" ಎಂದರು ಮಾವ, ಕಣ್ಣೊರೆಸಿಕೊಳ್ಳುತ್ತ. "ಒಂದೊಂದು ಅಕ್ಷರಾನೂ ಕೇಳ್ತಿದೆ. ಮಾತು ಅಂದ್ರೆ ಹೀಗಿರ್ಬೇಕು. ಕಿರುಚೋದಲ್ಲ."

ಅಷ್ಟರಲ್ಲಿ ಪರದೆಯ ಬೀದಿಯಲ್ಲಿ ಮೀನಿನವಳು ಬಂದಳು. "ಮೀನೇ! ತಾಜಾ ಮೀನೇ!" ಮಾವ ಬೆಚ್ಚಿ ಕಿವಿ ಮುಚ್ಚಿಕೊಂಡರು. "ಅಬ್ಬಬ್ಬ, ಇವಳ ಗಂಟಲೋ!"

ಗಂಡ ನಗಲು ಹೋದವನು ತಿರುಗಿ ನೋಡಿದ. "ಇದು ನೀನಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಅಪ್ಪಾ, ಇದು ನಮ್ಮವಳೇ ಕಣಪ್ಪ" ಎಂದ. ಎಂದಿನ ದನಿಯಲ್ಲೇ ಎಂದ, ಅವತ್ತು ಕೇಳಿಸಿತು.

"ಅದಕ್ಕೇ ಮತ್ತೆ" ಎಂದರು ಮಾವ, "ಎಲ್ಲೋ ಕೇಳಿದ ಹಾಗಿದೆಯಲ್ಲ ಅಂದ್ಕೊಂಡೆ."

ಕಂತು ಮುಗಿಯಿತು. ಮಾವ ಯಂತ್ರ ತೆಗೆದು ಡಬ್ಬಿಗೆ ಹಾಕಿ, ಕೋಣೆಗೆ ಹೋಗಿ ಮಲಗಿದರು. ಅವಳು ಅನ್ನ, ಸಾರು ತಂದಿಟ್ಟು, ಡಬ್ಬಿಯನ್ನು ಮಾವನ ತಟ್ಟೆಯ ಪಕ್ಕ ಇಟ್ಟು, ಕೋಣೆಯ ಕಡೆ ನೋಡಿ, "ಮಾವ, ಊಟಕ್ಕೆ ಬನ್ನಿ" ಎಂದಳು. ಉಳಿದಿದ್ದ ದನಿಯಲ್ಲಿ ಎಂದಳು; ಅದು ಮೇಜಿನ ಅಂಚು ದಾಟುವಷ್ಟೂ ಇರಲಿಲ್ಲ. ಗಂಟು ಗಟ್ಟಿಯಾಗಿದೆ, ಇನ್ನು ಇಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿ ವಾರವಾಗಿತ್ತು. ಆಮೇಲೆ ತನ್ನ ತಟ್ಟೆಗೆ ಬಡಿಸಿಕೊಂಡು ಉಣ್ಣತೊಡಗಿದಳು.

"ಅಪ್ಪನ್ನ ಕರಿಯೇ" ಎಂದ ಗಂಡ.

"ಕರೆದೆ."

"ಅವರಿಗೆ ಕೇಳ್ಸಿಲ್ಲ."

ಅವಳು ಸಾರು ಬಡಿಸಿಕೊಂಡಳು.

ಗಂಡ ಅವಳನ್ನೂ ಡಬ್ಬಿಯನ್ನೂ ನೋಡಿದ. ಮಾತ್ರೆಯ ಹೊತ್ತು ಮೀರುತ್ತಿತ್ತು. ಕೊನೆಗೆ ಎದ್ದು ಕೋಣೆಯ ಬಾಗಿಲಿಗೆ ಹೋಗಿ, "ಅಪ್ಪಾ" ಎಂದ. ಮತ್ತೊಮ್ಮೆ ಎಂದ. ಆಮೇಲೆ ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಕೂಗಿದ.

"ಅಪ್ಪಾ! ಊಟಕ್ಕೆ!"

ಕೆಮ್ಮು ಬಂತು. ಕೆಮ್ಮುತ್ತಲೇ ಮೇಜಿಗೆ ಬಂದು ಕುಸಿದು, "ಒಂದು ಕೂಗಿಗೇ ಗಂಟಲು ಹರಿದುಹೋಯ್ತಲ್ಲೇ" ಎಂದ. "ಸ್ವಲ್ಪ ನೀರು ಕೊಡು."

ಮೇಜಿನ ಮೇಲೆ ತುಂಬಿಟ್ಟಿದ್ದುದು ಒಂದೇ ಲೋಟ. ಅದು ಅವಳ ಕೈಯಲ್ಲಿತ್ತು. ಅವಳು ಅದನ್ನು ನಿಧಾನವಾಗಿ, ತಳ ಕಾಣುವವರೆಗೆ ಕುಡಿದಳು.