ಕೆಸರಿಗಿಳಿದ ವಿರೂಪಾಕ್ಷಪ್ಪ ಮಾಸ್ತರರು

ಪೆನಾಲ್ಟಿ ಹೊಡೆಯುವುದು ಹೇಗೆಂದು ಹುಡುಗರಿಗೆ ತೋರಿಸಲು ಹೋದ ಸಂಜೆ, ಚೆಂಡಿನ ಜೊತೆಗೆ ವಿರೂಪಾಕ್ಷಪ್ಪ ಮಾಸ್ತರರ ಬಲಗಾಲಿನ ಬಿಳಿ ಕ್ಯಾನ್ವಾಸ್ ಶೂ ಕೂಡ ಹಾರಿಹೋಯಿತು. ಗೋಲ್‌ಕೀಪರ್ ಗಾದೆಪ್ಪ ಎಡಕ್ಕೆ ಜಿಗಿದು ಶೂವನ್ನು ಎರಡೂ ಕೈಯಲ್ಲಿ ಹಿಡಿದು ಎದೆಗವಚಿಕೊಂಡ. ಚೆಂಡು ಬಲಗಡೆಯಿಂದ ನಿರಾತಂಕವಾಗಿ ಒಳಗೆ ಹೋಯಿತು. ಮಾಸ್ತರರು ಒಂಟಿಗಾಲಲ್ಲಿ ಒಂದೆರಡು ಸಲ ಕುಪ್ಪಳಿಸಿ, ಆಯ ತಪ್ಪಿ, ಶೂ ಇಲ್ಲದ ಕಾಲನ್ನು ಎಮ್ಮೆಯ ಹಸಿ ಸಗಣಿಯಲ್ಲಿ ಊರಿದರು.

“ಲೇ ಗಾದ್ಯಾ, ಚೆಂಡ್ ಬಿಟ್ಟು ಶೂ ಯಾಕ ಹಿಡದ್ಯೋ?”

“ಅದಽ ಮೊದ್ಲು ಬಂತ್ರಿ ಮಾಸ್ತರ್ರೆ.”

ಇಡೀ ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾಸ್ತರರು ನಗಲಿಲ್ಲ. ಕಾಲ್ಬೆರಳ ಸಂದಿಯಲ್ಲಿ ಬೆಚ್ಚಗೆ ಏರುತ್ತಿದ್ದುದನ್ನು ನೋಡಿ ಕರವಸ್ತ್ರ ತೆಗೆದು ಮೂಗಿಗೊತ್ತಿಕೊಂಡರು.

ಅವರು ನಿಜವಾಗಿ ಮಾಸ್ತರರೇನಲ್ಲ. ಹಗಲೆಲ್ಲ ಬಟ್ಟೆ ಅಂಗಡಿಯೊಂದರಲ್ಲಿ ಗಜಕಡ್ಡಿ ಹಿಡಿದು ನಿಲ್ಲುವವರು. ಅಲ್ಲಿ ಅವರ ಹೆಸರು “ಏ ವಿರೂಪಾಕ್ಷಿ, ಆ ಥಾನು ಇಳಸು” ಎಂದು. ಸಂಜೆ ಬಳ್ಳಾರಿಯ ಸತ್ಯನಾರಾಯಣಪೇಟೆಯ ಫುಟ್‌ಬಾಲ್ ತಂಡದ ಮುಂದೆ ನಿಂತಾಗ ಮಾತ್ರ ಮಾಸ್ತರ್ರೇ, ರೀ, ಬರ್ರಿ, ಕುಂದರ್ರಿ. ಹಿಂದಿನ ಕೋಚ್ ರೈಲ್ವೆಯವನು. ಅವನಿಗೆ ಗುಂತಕಲ್ಲಿಗೆ ವರ್ಗವಾದಾಗ, ತಂಡದ ಅಧ್ಯಕ್ಷರೂ ಸೋಡಾ ಫ್ಯಾಕ್ಟರಿಯ ಮಾಲೀಕರೂ ಆದ ಉಜ್ಜಿನಪ್ಪನವರು ಸುತ್ತಮುತ್ತ ನೋಡಿದರು. ಮೈದಾನದ ಅಂಚಿನಲ್ಲಿ ಬಿಳಿ ಪ್ಯಾಂಟು, ಬಿಳಿ ಶೂ ಹಾಕಿ ಮೂಗಿಗೆ ಕರವಸ್ತ್ರ ಹಿಡಿದಿದ್ದವರು ಇವರೊಬ್ಬರೇ. ಸೀಟಿಯನ್ನು ಕೊರಳಿಗೆ ಹಾಕಿಯೇ ಬಿಟ್ಟರು. ಆ ರೈಲ್ವೆಯವನು ಎಲೆ ಅಡಿಕೆ ಜಗಿಯುತ್ತಲೇ ಊದುತ್ತಿದ್ದ ಸೀಟಿ ಅದು. ಮಾಸ್ತರರು ದಿನಾ ಬಿಸಿನೀರಲ್ಲಿ ಅದ್ದಿ, ಕಣ್ಣು ಮುಚ್ಚಿ ಬಾಯಿಗಿಡುತ್ತಿದ್ದರು. ಕೋಚ್ ಆದರೂ ಸಂಕೋಚ ಹೋಗಲಿಲ್ಲ.

ಹೋಗಲು ಆ ತಂಡ ಬಿಡುತ್ತಲೂ ಇರಲಿಲ್ಲ. ಮುಂಚೂಣಿ ಆಟಗಾರ ಎರ್ರೆಪ್ಪ ಚೆಂಡು ಒದೆಯುವ ಮೊದಲು ಅದರ ಮೇಲೆ ಉಗುಳುತ್ತಿದ್ದ. ಹಾಗೆ ಮಾಡಿದರೆ ಚೆಂಡು ಹೇಳಿದ ಮಾತು ಕೇಳುತ್ತದಂತೆ. ಗೆದ್ದ ಮೇಲೆ ಸೋಲುವ ತನಕ ಬನಿಯನ್ ಒಗೆಯಬಾರದೆಂಬ ಕಟ್ಟಳೆ ಬೇರೆ. ಮಳೆಗಾಲದಲ್ಲಿ ಸಂಗನಕಲ್ಲಿನವರನ್ನು ಸೋಲಿಸಿದಂದಿನಿಂದ ಅವು ನೀರು ಕಂಡಿರಲಿಲ್ಲ. ಗೂಟಕ್ಕೆ ಹಾಕದಿದ್ದರೂ ತಾವೇ ನಿಲ್ಲುವಷ್ಟು ಗಟ್ಟಿಯಾಗಿದ್ದವು.

ಇಂಥ ತಂಡ ಸಿರುಗುಪ್ಪಕ್ಕೆ ಹೋಗಿ ಗೆಲ್ಲಬೇಕಿತ್ತು. ವರ್ಷವರ್ಷವೂ ಅಲ್ಲಿಂದ ಗೋಲಿಲ್ಲದೆ ಗೋಳು ಹೊತ್ತು ಬರುವುದೇ ಆಗಿತ್ತು. ಉಜ್ಜಿನಪ್ಪನವರು ಈ ಸಲ ಸೋಡಾ ಬಾಟ್ಲಿ ಒಡೆದಷ್ಟೇ ಸಲೀಸಾಗಿ ಹೇಳಿಬಿಟ್ಟಿದ್ದರು: “ಮಾಸ್ತರ್ರೆ, ಈ ಸಲ ಸೋತ್ರಿ ಅಂದ್ರ ಸೀಟಿ ಬಿಚ್ಚಿಟ್ಟು ಮನಿಗೆ ಹೋಗ್ರಿ. ನಮ್ಮ ಅಳಿಯಾ ಅದಾನ, ನೋಡ್ಕೊಂತಾನ.”

ಆ ರಾತ್ರಿ ಮಾಸ್ತರರು ಊಟದ ತಟ್ಟೆ ಸರಿಸಿ ಕೂತರು. ಮತ್ತೆ ಬರೀ ‘ಏ ವಿರೂಪಾಕ್ಷಿ’ ಆಗುವುದೇ?

“ಹೋದ್ರ ಹೋಗ್ಲಿ ಬಿಡ್ರಿ,” ಎಂದಳು ಹೆಂಡತಿ ಸುವರ್ಣಮ್ಮ. “ದಿನಾ ಬಂದು ತಲಿಬಾಗಿಲದಾಗ ಕಾಲು ತಿಕ್ಕಿ ತಿಕ್ಕಿ ತೊಳಕೊಂತೀರಿ. ಬಚ್ಚಲ ನೀರೆಲ್ಲಾ ನಿಮ್ಮ ಕಾಲಿಗೇ ಸಾಲಂಗಿಲ್ಲ.”

“ನಿನಗ ತಿಳಿಯಂಗಿಲ್ಲ ಸುಮ್ನಿರು.”

ರವಿವಾರ ಅವರು ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗಿ, ಎದುರಾಳಿಗಳ ಅಭ್ಯಾಸವನ್ನು ಕದ್ದು ನೋಡಿದರು. ಮೈದಾನ ಒಂದು ಅಕ್ಕಿ ಗಿರಣಿಯ ಹಿಂದಿತ್ತು. ಕಾಲುವೆಯ ಬಸಿನೀರಿಗೆ ಭತ್ತ ನೆನೆಹಾಕಿದ ನೀರೂ ಬಂದು ಸೇರಿ, ನೆಲ ಅಂಬಲಿಯಂತೆ ಕದಡಿ, ಹಳಸಿದ ಅಂಬಲಿಯಂತೆಯೇ ನಾರುತ್ತಿತ್ತು. ಆ ಕೆಸರಲ್ಲಿ ಸಿರುಗುಪ್ಪದವರು ಬರಿಗಾಲಲ್ಲಿ ಕೊಕ್ಕರೆಗಳಂತೆ ಓಡಾಡುತ್ತಿದ್ದರು. ಹೆಜ್ಜೆ ಇಡುವಾಗ ಅಂಗಾಲು ಚಪ್ಪಟೆ. ಎತ್ತುವಾಗ ಹಿಮ್ಮಡಿ ಮೊದಲು, ಬೆರಳು ಕೊನೆಗೆ. ಭತ್ತದ ಗದ್ದೆಯಲ್ಲಿ ಹುಟ್ಟಿ ಬೆಳೆದವರ ನಡಿಗೆ.

ಅವರು ಬರಿಗಾಲಲ್ಲಿ ಆಡುವುದು ಹೊಸ ಸುದ್ದಿಯೇನಲ್ಲ. “ಪಾಪ, ಬೂಟಿಗೆ ಗತಿ ಇಲ್ಲ” ಎಂದು ಸತ್ಯನಾರಾಯಣಪೇಟೆಯವರು ಪ್ರತಿ ಸಲ ಮರುಕಪಟ್ಟು, ತಮ್ಮ ಬೂಟುಗಳನ್ನು ಕೆಸರಲ್ಲಿ ನೆಟ್ಟು, ಸೋತು ಬರುತ್ತಿದ್ದರು. ಉಜ್ಜಿನಪ್ಪನವರು ಮದ್ರಾಸಿನಿಂದ ತರಿಸಿಕೊಟ್ಟ ಬೂಟುಗಳವು. ಸೋತಾಗಲೆಲ್ಲ ಅಧ್ಯಕ್ಷರು ಅವುಗಳ ಅಡಿಗೆ ಇನ್ನಷ್ಟು ಉದ್ದದ ಮೊಳೆ ಹೊಡೆಸುತ್ತಿದ್ದರು. ಬೂಟು ಇನ್ನಷ್ಟು ಆಳಕ್ಕೆ ಹೋಗುತ್ತಿತ್ತು. ಇಷ್ಟು ವರ್ಷ ಆಡಿದ್ದು ಆಟವಲ್ಲ, ಬೂಟಾಟಿಕೆ ಎಂದು ಮಾಸ್ತರರಿಗೆ ಅಲ್ಲೇ ಹೊಳೆಯಿತು.

“ಬೂಟ್ ಬಿಚ್ಚಿ ಆಡ್ತೀವ್ರಿ,” ಎಂದರು ಮರುದಿನ.

ಉಜ್ಜಿನಪ್ಪನವರ ಮುಖ ಕೆಂಪಾಯಿತು. “ನಾ ಕೊಟ್ಟ ಬೂಟು ನಿಮಗ ಭಾರ ಆತೇನ್ರಿ? ಊರ ಮುಂದ ನನ್ನ ಮರ್ಯಾದಿ ಏನಾಗ್ಬೇಕು?”

“ಗೆದ್ರ ಮರ್ಯಾದಿ ನಿಮ್ದು. ಸೋತ್ರ ಸೀಟಿ ನಿಮ್ ಅಳಿಯಂದು.”

ಬಾಯಿಂದ ಮಾತು ಹೊರಬಿದ್ದಿತ್ತು. ಇನ್ನು ಕೆಸರಲ್ಲಿ ನಡೆಯುವುದನ್ನು ಕಲಿಯಬೇಕು. ಗಾದೆಪ್ಪನ ಸೋದರತ್ತೆ ಹುಲುಗಮ್ಮನಿಗೆ ಕುರುಗೋಡಿನಲ್ಲಿ ಗದ್ದೆಯಿತ್ತು. ನಾಟಿಗೆ ಮುಂಚೆ ಹೊಂಗೆ ಸೊಪ್ಪು ಹರಡಿ ಕೆಸರಿಗೆ ತುಳಿಸುವ ಕೆಲಸ ನಡೆದಿತ್ತು. ಬಿಟ್ಟಿ ಆಳು ಬಂದದ್ದಕ್ಕೆ ಆಕೆಗೆ ಎಲ್ಲಿಲ್ಲದ ಖುಷಿ. ತಂಡವನ್ನೆಲ್ಲ ಗದ್ದೆಗಿಳಿಸಿ, ಬದುವಿನ ಮೇಲೆ ಪ್ಯಾಂಟು ಎತ್ತಿ ಹಿಡಿದು ನಿಂತಿದ್ದ ಮಾಸ್ತರರತ್ತ ತಿರುಗಿದಳು.

“ಯಾಕ್ರಿ ಮಾಸ್ತರಪ್ಪಾ, ನೀವೇನು ಗದ್ದಿಗೆ ದೃಷ್ಟಿಬೊಂಬಿ ಆಗಾಕ ಬಂದೀರೇನು? ಇಳೀರಿ ಕೆಳಗ!”

“ನಾ ಹೇಳಿಕೊಡಾವ ಅಲ್ರೀ ಯವ್ವಾ...”

“ಹೇಳಿಕೊಡಾಕ ನಿಮಗ ಬರಬೇಕಲ್ಲ?”

ಗಾದೆಪ್ಪ ಕಿಸಕ್ಕೆಂದ. ಮಾಸ್ತರರು ಇಳಿದರು. ಕೊಳೆತ ಸೊಪ್ಪು ಮೀನಖಂಡದ ತನಕ ಬಂದು ಅಪ್ಪಿಕೊಂಡಿತು. ಏನೋ ಒಂದು ಪಾದದ ಅಡಿಯಲ್ಲಿ ಮಿಸುಕಿತು. ಅದು ಏನೆಂದು ಅವರು ಕೇಳಲಿಲ್ಲ, ಯಾರೂ ಹೇಳಲಿಲ್ಲ. ವಾರವಿಡೀ ಬೆಳಿಗ್ಗೆ ಇದೇ. ಊಟಕ್ಕೆ ಕೂತರೆ ರೊಟ್ಟಿಯಲ್ಲೂ ಹೊಂಗೆ ವಾಸನೆ. ಆದರೆ ವಾರದ ಕೊನೆಗೆ ಹುಡುಗರು ಕೆಸರಲ್ಲಿ ಓಡತೊಡಗಿದ್ದರು, ಹುಲುಗಮ್ಮನ ಗದ್ದೆಯೂ ಬೆಣ್ಣೆಯಾಗಿತ್ತು.

ಪಂದ್ಯದ ದಿನ ಬರಿಗಾಲಲ್ಲಿ ಬಂದ ಬಳ್ಳಾರಿಯವರನ್ನು ಕಂಡು ಸಿರುಗುಪ್ಪದವರು “ಬೂಟು ಒತ್ತಿ ಇಟ್ರೇನಪ್ಪಾ?” ಎಂದು ಕೇಕೆ ಹಾಕಿದರು. ಸ್ವಲ್ಪ ಹೊತ್ತಿಗೆ ಕೇಕೆ ನಿಂತಿತು. ಎರಡೂ ಕಡೆಯವರು ಸಮಸಮ ಜಾರಿದರು, ಸಮಸಮ ಬಿದ್ದರು. ಯಾರು ಯಾವ ತಂಡವೆಂದು ಬಣ್ಣದಿಂದ ತಿಳಿಯುವಂತಿರಲಿಲ್ಲ. ಬನಿಯನ್ನಿನ ವಾಸನೆಯಿಂದ ಮಾತ್ರ ಮಾಸ್ತರರಿಗೆ ತಮ್ಮವರು ಯಾರೆಂದು ಗೊತ್ತಾಗುತ್ತಿತ್ತು. ಆಟ ಮುಗಿಯಲು ಬಂದಾಗ ಎದುರಾಳಿಯ ಗೋಲಿನ ಮುಂದೆ ಚೆಂಡು ಕೆಸರಲ್ಲಿ ಹೂತು ನಿಂತಿತು. ಅದರ ಮೇಲೆ ಏಳೆಂಟು ಜನ ಉರುಳಿಬಿದ್ದರು. ಎರ್ರೆಪ್ಪ ಉಗುಳಲೂ ಪುರುಸೊತ್ತಿಲ್ಲದೆ ಮಲಗಿದಲ್ಲಿಂದಲೇ ಹೆಬ್ಬೆರಳಲ್ಲಿ ಚೆಂಡನ್ನು ಅಗೆದು ಒಳಗೆ ತಳ್ಳಿದ.

ರೆಫರಿ ಕೊನೆಯ ಸೀಟಿ ಊದಿದ ಮೇಲೆ ಇಡೀ ತಂಡ ಮಾಸ್ತರರ ಮೇಲೆ ಬಿತ್ತು. ತಬ್ಬಿದರು, ಹೊತ್ತರು, ಕುಣಿಸಿದರು. ಗಾದೆಪ್ಪ ಕೆನ್ನೆಗೆ ಮುತ್ತು ಕೊಟ್ಟ. ಅವನ ಬಾಯಿಯ ಎಲೆ ಅಡಿಕೆಯ ಕೆಂಪು, ಗಿರಣಿ ನೀರಿನ ಕಪ್ಪು, ಮಳೆಗಾಲದಿಂದ ಕೂಡಿಟ್ಟ ಬೆವರು ಎಲ್ಲವೂ ಬಿಳಿ ಅಂಗಿಗೆ ಇಳಿದವು. ಅವರು ಬಾಯಿ ಬಿಗಿಹಿಡಿದು, ಉಸಿರು ಕಟ್ಟಿ, ಹುಡುಗರ ಹೆಗಲ ಮೇಲೆ ತೇಲಿದರು. ದೂರದಿಂದ ನೋಡಿದವರು ಮಾಸ್ತರರು ಆನಂದದಿಂದ ಬಿಕ್ಕುತ್ತಿದ್ದಾರೆಂದುಕೊಂಡರು.

ಸಂಜೆ ಸತ್ಯನಾರಾಯಣಪೇಟೆಯ ಸರ್ಕಲ್ಲಿನಲ್ಲಿ ಹಲಗೆ ಬಡಿತ. ಉಜ್ಜಿನಪ್ಪನವರೇ ಹಾರ ಹಾಕಿ, ಸೀಟಿಯನ್ನು ಎಲ್ಲರಿಗೂ ಕಾಣುವಂತೆ ಹಾರದ ಮೇಲೆ ಎತ್ತಿಟ್ಟರು. “ಇನ್ನ ಈ ಸೀಟಿ ಇವರ ಕೊಳ್ಳಾಗ ಕಾಯಂ!” ಜನ ಚಪ್ಪಾಳೆ ತಟ್ಟಿದರು. ಬಟ್ಟೆ ಅಂಗಡಿಯ ಸಾಹುಕಾರರು ಕೂಡ ಗುಂಪಿನಲ್ಲಿ ನಿಂತು, ‘ಏ ವಿರೂಪಾಕ್ಷಿ’ ಬಿಟ್ಟು, “ಶಭಾಷ್ ಮಾಸ್ತರ್ರೇ” ಅಂದರು.

“ಮುಂದಿನ ವಾರ ಹೊಸಪ್ಯಾಟಿಯವರ ಕೂಡ ಐತಿ,” ಎಂದು ಉಜ್ಜಿನಪ್ಪನವರು ಕೈಯೆತ್ತಿ ಗದ್ದಲ ಅಡಗಿಸಿದರು. “ಹೇಳ್ರಿ ಮಾಸ್ತರ್ರೆ, ಅದನ್ನ ಗೆಲ್ಲಾಕ ನಮ್ಮ ಹುಡುಗ್ರು ಏನ್ ಮಾಡ್ಬೇಕು?”

ಹಲಗೆ ನಿಂತಿತು. ಎಲ್ಲರೂ ಕಿವಿಯಾದರು. ಮಾಸ್ತರರು ಕೊರಳಿನಿಂದ ಸೀಟಿಯನ್ನು ಎರಡು ಬೆರಳಲ್ಲಿ ಎತ್ತಿ, ಅದನ್ನು ಉಜ್ಜಿನಪ್ಪನವರ ಅಂಗೈಯಲ್ಲಿಟ್ಟರು.

“ನನಗೇನ್ ಗೊತ್ರೀ? ನನಗ ಈ ಆಟ ಮೊದ್ಲಿಂದನೂ ಸೇರಂಗಿಲ್ಲ.”