ಬಚ್ಚಲೊಲೆಗೆ ಹೋದ ಸಿನಿಮಾ

ನಮ್ಮ ಸೋದರಮಾವನ ತುಟಿಗಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಊಟದ ಎಲೆಯ ಮುಂದೆ, ದೇವದುರ್ಗದ ಬಸ್ಸಿನಲ್ಲಿ, ಕ್ಷೌರದವನ ಕತ್ತಿಯ ಕೆಳಗೂ ಅವು ಪಿಟಿಪಿಟಿ ಅನ್ನುತ್ತಲೇ ಇರುತ್ತಿದ್ದವು. ಹಣೆಯ ಅಂಗಾರ ಅಕ್ಷತೆ ನೋಡಿದ ಬಸ್ಸಿನ ಹೆಂಗಸರು, “ಆಚಾರ್ರು ಜಪಾ ಮಾಡಾಕತ್ತಾರ, ಸರೀರಿ” ಎಂದು ಜಾಗ ಬಿಡುತ್ತಿದ್ದರು. ಒಳಗೆ ನಡೆದಿದ್ದದ್ದು ಯಾವುದೋ ಸಿನಿಮಾದ ಖಳನ ಬೈಗುಳ. ಪುಣ್ಯಾತ್ಮ, ಕೊಟ್ಟ ಜಾಗವನ್ನು ಮಾತ್ರ ಬಿಡುತ್ತಿರಲಿಲ್ಲ.

ಮಾನ್ವಿಯ ವೈದಿಕರ ಮನೆಯಲ್ಲಿ ಹುಟ್ಟಿದವರು ರಾಯಚೂರಿನಲ್ಲಿ ಮದ್ರಾಸಿನ ರೈಲು ಹತ್ತಿ, ಸ್ಟುಡಿಯೋ ಒಂದರ ಕಥಾವಿಭಾಗದಲ್ಲಿ ತಿಂಗಳ ಸಂಬಳಕ್ಕೆ ಸೇರಿದರು. ಹತ್ತು ವರ್ಷ ಬೇರೆಯವರ ರಾಜರಾಣಿಯರ ಬಾಯಿಗೆ ಮಾತು ಕೊಟ್ಟರು. ತೆರೆಯ ಮೇಲೆ ಹೆಸರು ಬಂದದ್ದು ಎರಡೇ ಸಲ, ಅದೂ ಜನ ಇನ್ನೂ ಕೂಡಲು ಜಾಗ ಹುಡುಕುವಾಗ. ಮಹಾಯುದ್ಧ ಮುಗಿದ ಮೇಲೆ ತಾವೇ ಚಿತ್ರ ತೆಗೆಯುತ್ತೇನೆಂದು ಹೊರಟರು. ರಾಯಚೂರಿನ ಅರಳೆ ಸಾಹುಕಾರರೊಬ್ಬರು ಪಾಲುದಾರರಾದರು, ಸ್ಟುಡಿಯೋದಲ್ಲಿ ಚಿತ್ರೀಕರಣದ ದಿನಗಳೂ ಗೊತ್ತಾದವು. ಬರೆಯುವುದಕ್ಕೆ ಮಾತ್ರ ಮಾನ್ವಿಯ ನಮ್ಮ ಮನೆಗೇ ಬಂದರು. “ಮದ್ರಾಸಿನಾಗ ಕೂತು ಬರದರ ನಮ್ಮ ಮಂದಿ ತಮಿಳು ಮಾತಾಡತಾರವ್ವಾ” ಎನ್ನುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಮೊದಲ ಬರಹದಲ್ಲಿ ಪಾತ್ರಗಳಿಗೆ ತಾವು ಬಲ್ಲವರ ನಿಜವಾದ ಹೆಸರನ್ನೇ ಇಡುವರು. ಮುದಿ ನಾಯಕನ ಮಾತಿನ ಮುಂದೆ ಮಸರಕಲ್ಲಿನ ಗೌಡರ ಹೆಸರು, ಎದೆಗಾರನ ಮುಂದೆ ದೇವದುರ್ಗದಲ್ಲಿ ಎತ್ತಿಗೆ ಲಾಳ ಕಟ್ಟುವವನ ಹೆಸರು. “ಹೆಸರು ಬರದರ ಸಾಕು, ಅಂವನ ಧ್ವನಿ ತಾನಾ ಬರತದ.” ಶುದ್ಧಪ್ರತಿ ಮಾಡುವಾಗ ಆ ಹೆಸರುಗಳನ್ನು ಬದಲಿಸಬೇಕು.

ಆ ಸಲ ಶುದ್ಧಪ್ರತಿಯ ಕೆಲಸ ನನ್ನದಾಯಿತು. ಬಾಣಂತನಕ್ಕೆಂದು ತವರಿಗೆ ಬಂದಿದ್ದೆ, ಅಕ್ಷರ ದುಂಡಗಿತ್ತು. “ಹಸಿ ಬಾಣಂತಿ ಕಣ್ಣು ಹಾಳ ಮಾಡತೀಯಲ್ಲೋ” ಎಂದು ಅವ್ವ ತನ್ನ ತಮ್ಮನನ್ನು ಬೈಯುತ್ತಲೇ ಮಗುವನ್ನು ಎತ್ತಿಕೊಳ್ಳುವಳು. ಹೆಣ್ಣುಪಾತ್ರದ ಮಾತುಗಳನ್ನು ಮಾವ ನನ್ನಿಂದ ಗಟ್ಟಿಯಾಗಿ ಓದಿಸಿ, “ಇದು ಗಂಡಸು ಬರದಂಗ ಅನಸ್ತದೇನು?” ಎಂದು ಕೇಳುವರು. ಹೌದೆಂದರೆ ಮುಖ ಸಣ್ಣದು ಮಾಡಿಕೊಂಡು ತಿದ್ದಲು ಕೂಡುವರು. ನನ್ನ ಮಾತಿಗೆ ಕಿವಿಗೊಟ್ಟ ಮೊದಲ ಗಂಡಸು ಅವರು.

ಕಥೆ ಹಳೆಯ ಕಾಲದ್ದು, ಹಸಿದ ಜನ ಕೋಟೆಯ ಕಿಲ್ಲೇದಾರನ ಕಣಜ ಒಡೆಯುವುದು. ಆದರೆ ನಾವಿದ್ದ ಕಾಲ ರಜಾಕಾರರದು. ಓಣಿಯವರು ಒಂದೊಂದೇ ಮನೆಗೆ ಬೀಗ ಹಾಕಿ, ನಿಜಾಮನ ಸೀಮೆ ಬಿಟ್ಟು ತುಂಗಭದ್ರೆ ದಾಟುತ್ತಿದ್ದರು. ಬೀದಿಯಲ್ಲಿ ಬೂಟಿನ ಸಪ್ಪಳವಾದರೆ ಬರೆಯುತ್ತಿದ್ದ ಹಾಳೆಯನ್ನು ಸೆರಗಿನಡಿ ಮುಚ್ಚುತ್ತಿದ್ದೆ. ನನ್ನ ಮುಂದಿದ್ದ ಕಟ್ಟಿನಲ್ಲಿ, ಬದುಕಿರುವ ಮನುಷ್ಯರ ಹೆಸರಿನ ಕೆಳಗೆ, ‘ನಾಳೆ ಬಾಗಲಾ ಮುರಿಯೋಣು, ಪಹರೇದವನ್ನ ನಾ ನೋಡ್ಕೊಂತೀನಿ’ ಎಂದೆಲ್ಲ ಇತ್ತು. ಇದು ಸಿನಿಮಾ ಎಂದರೆ ಯಾವ ಪೊಲೀಸು ಅಮೀನ ನಂಬುತ್ತಾನೆ? ಒಂದು ಹಾಳೆ ಸಿಕ್ಕರೂ ಆ ಮಂದಿಯ ಗತಿಯೇನು? ಮಾವನಿಗೆ ಹೇಳಿದೆ. ಅವರು ನಕ್ಕರು. “ಅಂಜಬ್ಯಾಡ, ಲಗೂ ಲಗೂ ಹೆಸರು ತಿದ್ದು. ರಾಯಚೂರಿಗೆ ಹೋಗಿ ಮದ್ರಾಸಿಗೆ ತಂತಿ ಕೊಟ್ಟು ಬರತೀನಿ” ಎಂದು ಹೊರಟುಹೋದರು.

ಮರುದಿನ ಮಧ್ಯಾಹ್ನ ಬಚ್ಚಲಲ್ಲಿ ನನಗೆ ಎರೆಯಲು ನೀರು ಕಾಯುತ್ತಿತ್ತು. ಇಬ್ಬರು ಜವಾನರನ್ನು ಕಟ್ಟಿಕೊಂಡು ಓಣಿಗೆ ಬಂದ ಅಮೀನ ನಮ್ಮ ಕದ ಬಡಿದ. ಅವ್ವ “ಬಂದೆರೀ” ಎನ್ನುತ್ತ ಹೋದಳು. ನಾನು ಇಡೀ ಕಟ್ಟನ್ನು ಅವಚಿಕೊಂಡು ಓಡಿ ಒಲೆಗೆ ತುರುಕಿದೆ. ಹೆಸರು ತಿದ್ದಿ ಬರೆದಿದ್ದ ನನ್ನ ಹಾಳೆಗಳನ್ನಾದರೂ ಉಳಿಸಬಹುದಿತ್ತು. ಆ ಹೊತ್ತಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ದಪ್ಪ ಕಟ್ಟು, ಬೇಗ ಹತ್ತಲಿಲ್ಲ. ಕೈಯಿಂದ ಬಿಡಿಸಿ ಬಿಡಿಸಿ, ಊದಿ ಊದಿ ಸುಟ್ಟೆ.

ಅಮೀನ ಬಂದದ್ದು ಓಣಿಯಲ್ಲಿ ಎಷ್ಟು ಮನೆ ಖಾಲಿಯಾಗಿವೆ ಎಂದು ಬರೆದುಕೊಳ್ಳಲು. ಹೊಸ್ತಿಲು ಕೂಡ ದಾಟಲಿಲ್ಲ. “ಬಾಜೂ ಮನಿಯವರು ಯಾವಾಗ ಹೋದ್ರಮ್ಮಾ?” ಎಂದು ಕೇಳಿ, ಒಂದು ತಂಬಿಗೆ ನೀರು ಕುಡಿದು ಹೋದ.

ಸಂಜೆ ಮಾವ, “ಎಲ್ಲಿತನಾ ಬಂತವ್ವಾ?” ಎಂದು ಕೇಳುತ್ತಲೇ ಒಳಗೆ ಬಂದರು. ನಾನು ಬಚ್ಚಲ ಕಡೆ ಕೈ ತೋರಿಸಿದೆ. ಅವರು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೂದಿ ಕೆದಕಿದರು. ಆಮೇಲೆ ತಿರುಗಿ, “ಕೈ ಸುಟ್ಕೊಂಡಿಯೇನು?” ಎಂದರು. ನನ್ನ ಬೆರಳು ಬೊಬ್ಬೆ ಎದ್ದದ್ದು ನನಗೂ ಆಗಲೇ ಗೊತ್ತಾದದ್ದು.

ಏನಾಯಿತೆಂದು ಅವ್ವ ಬಂದು ನಿಂತಳು. “ಅಕೀನ್ನ ಏನೂ ಅನಬ್ಯಾಡ. ನನಗಾ ಅಂಜಿಕಿ ಬಂತು, ಸುಡು ಅಂತ ಹೇಳಿ ಹೋಗಿದ್ದೆ” ಎಂದರು ಮಾವ. ಅದನ್ನೇ ಮದ್ರಾಸಿಗೂ ಬರೆದರು, ಸಾಹುಕಾರರಿಗೂ ಹೇಳಿದರು. ನಾನು ಬಾಯಿ ಬಿಡಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನಾಚಿಕೆಗೇಡು, ಆದರೆ ನಿಜ.

ಮತ್ತೆ ಬರೆಯಲು ಕೂತರು. ಈ ಸಲ ನಾನು ಅಂಜುತ್ತೇನೆಂದು ಮೊದಲಿನಿಂದಲೇ ಕಟ್ಟಿದ ಹೆಸರು ಹಾಕಿದರು. ಕೂಲಿಯವನೂ ಆಸ್ಥಾನದ ಮಂತ್ರಿಯಂತೆ ಮಾತಾಡತೊಡಗಿದ. ಸ್ಟುಡಿಯೋದಲ್ಲಿ ಗೊತ್ತಾಗಿದ್ದ ದಿನಗಳು ಬೇರೆಯವರ ಚಿತ್ರಕ್ಕೆ ಹೋದವು, ಸಾಹುಕಾರರು ಕೈ ಬಿಟ್ಟರು. ಮಾವ ತಿರುಗಿ ಮದ್ರಾಸಿನ ಸಂಬಳಕ್ಕೆ ಹೋಗಿ ಯಾರದೋ ರಾಣಿಗೆ ಮಾತು ಬರೆದರು. ಎರಡು ವರ್ಷವೂ ತುಂಬಲಿಲ್ಲ, ಎದೆನೋವಿನಿಂದ ಹೋಗಿಬಿಟ್ಟರು.

ರಾಯಚೂರಿನ ಮಠದಲ್ಲಿ ನಡೆದ ಹದಿಮೂರನೆಯ ದಿನದ ಕರ್ಮಕ್ಕೆ ಸಾಹುಕಾರರೂ ಬಂದಿದ್ದರು. “ಭಾಳ ಛಲೋ ಬರೀತಿದ್ರು. ಆದ್ರ ಪುಕ್ಕಲು. ತಮ್ಮ ಸಿನಿಮಾಕ್ಕ ತಾವಾ ಬೆಂಕಿ ಇಟ್ರು” ಎಂದರು. ನನಗೆ ತಡೆಯಲಾಗಲಿಲ್ಲ. “ಸುಟ್ಟಾಕಿ ನಾನ್ರೀ. ಅವರು ಊರಾಗಾ ಇರಲಿಲ್ಲ. ಅವರು ಸುಡು ಅಂತ ಹೇಳೇ ಇರಲಿಲ್ಲ” ಎಂದೆ.

ಎಲ್ಲರೂ ತಿರುಗಿ ನೋಡಿದರು. ಸಾಹುಕಾರರ ಕಣ್ಣು ತೇವವಾಯಿತು. “ಮಾವನ ಮರ್ಯಾದಿ ಉಳಸಾಕ ಎಷ್ಟ ಚಂದ ಮಾತಾಡತೀಯವ್ವಾ. ಅಂಜಿದೆ ಅಂತ ಅವರಾ ತಮ್ಮ ಬಾಯಿಲೆ ನನಗ ಹೇಳ್ಯಾರ” ಎಂದರು. ಅವ್ವ ಕಣ್ಣೊರೆಸಿಕೊಂಡು, “ನನ್ನ ಮುಂದೂ ಹಂಗಾ ಹೇಳಿದ್ದ” ಎಂದು ನನ್ನ ಕೈ ಹಿಡಿದು ಕೂಡಿಸಿದಳು.

ಆಮೇಲೆ ಎಷ್ಟೋ ಜನರಿಗೆ ಎಷ್ಟೋ ಸಲ ಹೇಳಿದ್ದೇನೆ. ಎಲ್ಲರೂ ನನ್ನ ಒಳ್ಳೆಯತನವನ್ನು ಹೊಗಳಿದರು. ಒಬ್ಬರೂ ನಂಬಲಿಲ್ಲ.