ಉಧೋ ಎನ್ನಲು ಉಸಿರಿರಲಿಲ್ಲ

ಎಲ್ಲವ್ವನ ಭಕ್ತರೇ, ೨೦೦೮ರ ಮಳೆಗಾಲದಲ್ಲಿ ನಾನು ಸತ್ತು ಬದುಕಿದವಳು. ಊರು ಬಿಟ್ಟು ವಾಸ್ಕೋದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದೆ. ಸಿಮೆಂಟ್ ಕಲಸುವಾಗ ಹತ್ತಿದ ಕೆಮ್ಮು ದಮ್ಮಾಗಿ ಎದೆಯಲ್ಲಿ ಮನೆ ಮಾಡಿತು. ಮಲಗಿದರೆ ಉಸಿರು ಸಿಗದು, ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದೆ.

ಆಸ್ಪತ್ರೆಗೆ ಹೋಗಲಿಲ್ಲವೆಂದಲ್ಲ. ಹೋದಾಗಲೆಲ್ಲ ಡಾಕ್ಟರು "ಕೈಸಾ ಹೈ?" ಎನ್ನುತ್ತಿದ್ದರು. ನಮ್ಮ ಕಡೆ ಹೇಗಿದ್ದೀ ಎಂದು ಕೇಳಿದರೆ ಸಾಯುವವನೂ "ಆರಾಮ್ರಿ" ಎನ್ನುತ್ತಾನೆ. ನಾನೂ ಅದನ್ನೇ ಎಂದೆ. ಹಿಂದಿಯಲ್ಲಿ ಆರಾಮ ಎಂದರೆ ರೋಗ ಇಳಿಯಿತು ಎಂದಂತೆ. ಅವರು ಅದೇ ಗುಳಿಗೆ ಕೊಟ್ಟು ಕಳಿಸುತ್ತಿದ್ದರು.

"ಆರಾಮ ಅಂತ ಯಾಕ ಅಂದಿ?" ಎಂದು ಗಂಡ ಬೈದ.

"ಮತ್ತೇನ್ರಿ, ಕೇಳಿದವರ ಮುಂದ ಸಾಯಾಕತ್ತೇನಿ ಅನ್ಲೇನು?"

ಶ್ರಾವಣದ ಒಂದು ಮಂಗಳವಾರ ದೇವರ ಜಗಲಿಯ ಮುಂದೆ ಕೂತು ಅತ್ತೆ. "ಅವ್ವಾ, ನನ್ನ ಸಂಕಟ ನನಗ ಹೇಳಾಕ ಬರವಲ್ದು. ನೀನ ಹೇಳವ್ವಾ." ಬೇಡಿದ್ದು ಅಷ್ಟೇ.

ಮರುದಿನ ಬೆಳಿಗ್ಗೆ ತುಟಿ ನೀಲಿಯಾಗಿತ್ತು. ಗಂಡ ನನ್ನನ್ನು ಎತ್ತಿಯೇ ಬಸ್ಸಿಗೆ ಹತ್ತಿಸಿದ. ಆಸ್ಪತ್ರೆಯಲ್ಲಿ ಅಂದು ಬೇರೆ ಡಾಕ್ಟರಮ್ಮ ಇದ್ದರು. ಕೊಂಕಣಿಯ ನರ್ಸಮ್ಮ ನನ್ನ ಕೈಗೆ ಪ್ಲಾಸ್ಟಿಕ್ಕಿನ ಕೊಳವೆಯೊಂದನ್ನು ಕೊಟ್ಟಳು. ಅದರ ಮೇಲೆ ಅಂಕಿಗಳು, ಊದಿದರೆ ಮುಳ್ಳು ಮುಂದೆ ಸರಿದು ಉಸಿರಿನ ಬಲ ಎಷ್ಟಿದೆ ಎಂದು ತೋರಿಸುತ್ತದಂತೆ. ನಮ್ಮ ಗಂಡಾಳುಗಳಿಂದ ಕಲಿತ ಕನ್ನಡದಲ್ಲಿ ಆಕೆ "ಊದೋ! ಊದೋ!" ಎಂದಳು.

ನನಗೆ ಕೇಳಿಸಿದ್ದು ಅವ್ವನ ಗುಡ್ಡದಲ್ಲಿ ಭಕ್ತರು ಹಾಕುವ ಜಯಕಾರ, "ಉಧೋ ಉಧೋ". ಅವ್ವನೇ ಬಂದಳೆಂದು ಕೊಳವೆ ಬಿಟ್ಟು ಕೈಮುಗಿದೆ. "ಉಧೋ... ಎಲ್ಲ..." ಎಂದೆ. ಮುಂದಿನ "ವ್ವ" ಹೊರಡಲೇ ಇಲ್ಲ.

ನರ್ಸಮ್ಮ ನಕ್ಕಳು. ಡಾಕ್ಟರಮ್ಮ ನಗಲಿಲ್ಲ. ಒಂದು ಹೆಸರು ಪೂರ್ತಿ ಹೇಳುವಷ್ಟೂ ಉಸಿರಿಲ್ಲ, ಇದು ಜೀವ ತೆಗೆಯುವ ದಮ್ಮು ಎಂದು ಕೂಗಿ, ಮೂಗಿಗೆ ಆಕ್ಸಿಜನ್ ಹಚ್ಚಿಸಿದರು. ಆಮೇಲೆ ಊದಿಸಿದಾಗ ಮುಳ್ಳು ಕೆಂಪು ಗೆರೆ ದಾಟಲಿಲ್ಲ. ಇನ್ನೊಂದು ದಿನ ತಡವಾಗಿದ್ದರೆ ಕೈಮೀರುತ್ತಿತ್ತಂತೆ. ನಾನು ಹೇಳಲಾರದ್ದನ್ನು ಅವ್ವ ತನ್ನ ಹೆಸರನ್ನೇ ಮುರಿದು ಹೇಳಿದಳು.

ದಮ್ಮು ಹೋಗಿಲ್ಲ, ಸುಳ್ಳೇಕೆ ಬರೆಯಲಿ? ಬಾಯಿಗೆ ಎಳೆಯುವ ಪಂಪು ದಿನವೂ ಬೇಕು. ಮೋಡ ಕಂಡರೆ ಇಂದಿಗೂ ಹೆದರುತ್ತೇನೆ. ಬೆಳಿಗ್ಗೆ ಜಗಲಿಯ ಮುಂದೆ ನಿಂತು ಒಂದೇ ಉಸಿರಿನಲ್ಲಿ "ಉಧೋ ಉಧೋ ಎಲ್ಲವ್ವ" ಎನ್ನುತ್ತೇನೆ. ಪೂರ್ತಿ ಬಂದರೆ ಅವ್ವನಿಗೆ ಕೈಮುಗಿದು ಕೆಲಸಕ್ಕೆ ಹೋಗುತ್ತೇನೆ. ನಡುವೆ ಕಡಿದರೆ ಆಸ್ಪತ್ರೆಯ ಬಸ್ಸು ಹತ್ತುತ್ತೇನೆ. ಅಲ್ಲಿ ಯಾರು ಕೇಳಿದರೂ ಆರಾಮ ಎನ್ನುವುದಿಲ್ಲ.